ಉಳದ ಮೂರು ಎಲ್ಲಿ?

ಅಫಜಲಪುರದ ಇತಿಹಾಸದಲ್ಲಿ ಭೀಮಾ ನದಿಯ ಮಹಾಪೂರಗಳಿವೆ, ನಿಜಾಮನ ಕಾಲದ ಗಲಾಟೆಗಳಿವೆ, ಊರಿಗೆ ಮೊದಲ ಸರ್ಕಾರಿ ಬಸ್ಸು ಬಂದ ದಿನವಿದೆ. ೧೯೮೫ರ ಬೇಸಿಗೆಯಲ್ಲಿ ಇವೆಲ್ಲವನ್ನೂ ಹಿಂದೆ ಹಾಕುವಂಥ ಪ್ರಶ್ನೆಯೊಂದು ಎದ್ದಿತು. ಕಸ್ತೂರಿಬಾಯಿಯ ಎಡಗೈಯಲ್ಲಿ, ಹಸಿರು ಬಳೆಗಳ ಹಿಂದೆ, ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು. ಅಲ್ಲಿ ಏನು ಬರಬೇಕು, ಯಾರಿಂದ ಬರಬೇಕು, ಎಷ್ಟು ಬರಬೇಕು ಎಂಬುದೇ ಆ ಪ್ರಶ್ನೆ. ಇತಿಹಾಸ ಬರೆಯುವವರು ಇದನ್ನು ಬರೆದಿಡಲಿಲ್ಲ. ಅವರ ಮನೆಗಳಲ್ಲಿ ನಾಲ್ವರು ಸೊಸೆಯರು ಇರಲಿಲ್ಲವೆಂದು ಕಾಣುತ್ತದೆ.

ಕಸ್ತೂರಿಬಾಯಿಯ ಅತ್ತೆ ಗಂಗಾಬಾಯಿಯ ಮನೆಯಲ್ಲಿ ಇದ್ದರು. ನಾಲ್ವರು ಗಂಡುಮಕ್ಕಳು, ನಾಲ್ವರು ಸೊಸೆಯರು, ಒಂದು ಅಡುಗೆಮನೆ, ಒಂದು ಗೋಡೆ ಗಡಿಯಾರ. ಗಡಿಯಾರ ಪಡಸಾಲೆಯಲ್ಲಿ ಗಂಗಾಬಾಯಿಯ ಗಾದಿಯ ಮೇಲ್ಗಡೆ ತೂಗುತ್ತಿತ್ತು, ಅದರ ಚಾವಿ ಆಕೆಯ ಸೊಂಟದಲ್ಲಿ ತೂಗುತ್ತಿತ್ತು. ಅಡುಗೆಮನೆಯಿಂದ ಅದು ಕಾಣದು. ಮಕ್ಕಳ ಸಾಲೆಗೆ ಹೊತ್ತಾಯಿತೇ, ಹೊಲಕ್ಕೆ ಬುತ್ತಿ ಕಳಿಸಬೇಕೇ ಎಂದು ಒಳಗಿನವರಿಗೆ ತಿಳಿಯಬೇಕಾದರೆ ಒಬ್ಬರು ಕೈ ಒರೆಸಿಕೊಂಡು ಹೊರಗೆ ಬಂದು ಕೇಳಬೇಕು. ಗಂಗಾಬಾಯಿ ಕತ್ತೆತ್ತಿ ನೋಡಿ ವೇಳೆ ಹೇಳುತ್ತಿದ್ದಳು. ಜೊತೆಗೆ, "ಯಾಕ, ಗಾಡಿ ಹಿಡಿಯೂದದ ಏನು?" ಎಂದು ಸೇರಿಸುತ್ತಿದ್ದಳು. ವೇಳೆ ಪುಕ್ಕಟೆ ಸಿಗುತ್ತಿರಲಿಲ್ಲ.

ಮನೆಯ ಕಾಯಿದೆಯೂ ಒಂದೇ. ಯಾವ ಗಂಡನೂ ತನ್ನ ಹೆಂಡತಿಗೆಂದು ಬೇರೆಯಾಗಿ ಏನನ್ನೂ ತರಬಾರದು. ತಂದದ್ದು ಮೊದಲು ಗಂಗಾಬಾಯಿಯ ಉಡಿಗೆ ಬೀಳಬೇಕು, ನಾಲ್ಕು ಇರಬೇಕು, ಹಿರಿತನದ ಸಾಲಿನಲ್ಲಿ ಒಬ್ಬೊಬ್ಬರಾಗಿ ಆರಿಸಿಕೊಳ್ಳಬೇಕು. ಒಂದೇ ತಂದವನನ್ನು ಆಕೆ ಬೈದದ್ದಿಲ್ಲ. "ಉಳದ ಮೂರು ಎಲ್ಲಿ?" ಎಂದು ಕೇಳುತ್ತಿದ್ದಳು, ಅಷ್ಟೆ. ಆ ಪ್ರಶ್ನೆಯ ಮುಂದೆ ನಿಂತು ಉತ್ತರ ಕೊಟ್ಟ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಕಾಯಿದೆಗೆ ಇದ್ದ ಕಿಂಡಿಯೂ ಒಂದೇ: ತವರಿನಿಂದ ಬಂದದ್ದು ಬಂದವಳದೇ, ಅದರಲ್ಲಿ ಯಾರಿಗೂ ಪಾಲಿಲ್ಲ.

ಮೂರನೆಯ ಮಗ ದೌಲತರಾಯ, ಕಸ್ತೂರಿಬಾಯಿಯ ಗಂಡ, ಊರಿನ ಸಹಕಾರಿ ಸಂಘದಲ್ಲಿ ಕಾರಕೂನ. ಮದುವೆಯಾದ ಎರಡನೆಯ ವರ್ಷ, ಇನ್ನೂ ಬಿಸಿರಕ್ತದಲ್ಲಿದ್ದಾಗ, ಸೊಲ್ಲಾಪುರಕ್ಕೆ ಹೋದವನು ಗಿಣಿಹಸಿರಿನ ಒಂದು ನೂಲಿನ ಸೀರೆ ತಂದಿದ್ದ. ಅಂಗಡಿಯಲ್ಲಿ ಹನ್ನೊಂದು ಸೀರೆ ಬಿಚ್ಚಿಸಿ, ಕಸ್ತೂರಿಯ ಮೈಬಣ್ಣ ನೆನೆದು ನೆನೆದು ಆರಿಸಿದ್ದು. ಗಂಗಾಬಾಯಿ ಸೀರೆಯ ಸೆರಗು ಮುಟ್ಟಿ ನೋಡಿ, ಚಲೋ ಅದ ಎಂದು ಹೇಳಿ, ಉಳಿದ ಮೂರನ್ನು ಕೇಳಿದಳು. ಕಿರಿಯ ಮಗನಿಗೆ ಆಗಿನ್ನೂ ಹೆಣ್ಣು ಕೂಡ ನೋಡಿರಲಿಲ್ಲ, ಆದರೂ ನಾಲ್ಕು. ದೌಲತರಾಯ ಮರುದಿನ ಅದೇ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಕೈಗೆ ಸಿಕ್ಕ ಮೂರು ತಂದ. ಹಿರಿಯ ಸೊಸೆ ಸುಭದ್ರಾಬಾಯಿ ಮೊದಲು ಆರಿಸಿಕೊಳ್ಳಬೇಕಾದವಳು. ಆಕೆಗೂ ಕಣ್ಣಿತ್ತು. ಗಿಣಿಹಸಿರನ್ನೇ ಎತ್ತಿಕೊಂಡಳು. ಆರು ವರ್ಷ ದೌಲತರಾಯ ತನ್ನ ಪ್ರೀತಿಯನ್ನು ಅತ್ತಿಗೆಯ ಮೈಮೇಲೆ ನೋಡಿದ, ಹಿತ್ತಲ ಹಗ್ಗದ ಮೇಲೆ ನೋಡಿದ, ಕಡೆಗೆ ಒಂದು ದಿನ ಹಾಸಿಗೆ ಮಡಚುವಾಗ ಕೌದಿಯ ನಡುವಿನ ತೇಪೆಯಲ್ಲಿ ನೋಡಿದ. ಕಸ್ತೂರಿಬಾಯಿಯ ಪಾಲಿಗೆ ಅವತ್ತು ಬೂದುಬಣ್ಣದ್ದು ಬಂದಿತ್ತು. ಆಕೆ ಅದನ್ನು ಒಂದು ಮಾತಾಡದೆ ಉಟ್ಟು ಹರಿದಿದ್ದಳು.

೧೯೮೫ರ ಜನವರಿಯಲ್ಲಿ ಬೀಜದ ಕಂಪನಿಯ ಏಜೆಂಟನೊಬ್ಬ ಸಂಘಕ್ಕೆ ಬಂದು ದೌಲತರಾಯನಿಗೆ ಒಂದು ಡೈರಿ ಕೊಟ್ಟು ಹೋದ. ಅದರ ಕಡೆಯ ಹಾಳೆಗಳಲ್ಲಿ ಎಕರೆ-ಗುಂಟೆಯ ಲೆಕ್ಕ, ಹಾವು ಕಡಿದರೆ ಏನು ಮಾಡಬೇಕು, ಯಾವ ದೇಶಕ್ಕೆ ಯಾವುದು ರಾಜಧಾನಿ ಎಂಬುದೆಲ್ಲ ಇತ್ತು. ಅವುಗಳ ನಡುವೆ ಇಂಗ್ಲಿಷಿನಲ್ಲಿ ಒಂದು ಯಾದಿ: ಲಗ್ನವಾಗಿ ಎಷ್ಟು ವರ್ಷವಾದರೆ ಗಂಡ-ಹೆಂಡತಿ ಪರಸ್ಪರ ಏನು ಕೊಡಬೇಕು. ಎಡಗಡೆ ಸಾಂಪ್ರದಾಯಿಕ, ಬಲಗಡೆ ಆಧುನಿಕ. ಬೀಜದ ಕಂಪನಿಗೂ ಲಗ್ನಕ್ಕೂ ಏನು ಸಂಬಂಧವೆಂದು ದೌಲತರಾಯ ಯೋಚಿಸಲಿಲ್ಲ. ಅವನು ತನ್ನ ಸಂಸಾರವನ್ನು ಆ ಯಾದಿಗೆ ಹಚ್ಚಿ ನೋಡತೊಡಗಿದ.

ನೋಡಿದಷ್ಟೂ ಆಶ್ಚರ್ಯವಾಯಿತು. ಅವನು ತನಗೆ ಅರಿವಿಲ್ಲದೆ ಸಂಪ್ರದಾಯವನ್ನು ಪಾಲಿಸುತ್ತ ಬಂದಿದ್ದ. ಮೊದಲ ವರ್ಷ ಕಾಗದ ಎಂದಿತ್ತು. ಮೊದಲ ವರ್ಷ ಅವನು ಧಾರವಾಡದ ತರಬೇತಿಯಿಂದ ಕಸ್ತೂರಿಗೆ ಕಾಗದ ಬರೆದದ್ದು ನಿಜ. ಅದನ್ನು ಅವನ ಅಣ್ಣ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದ್ದೂ ನಿಜ. ಎರಡನೆಯ ವರ್ಷ ನೂಲು. ಅದರ ಕಥೆ ಆಗಲೇ ಹೇಳಿಯಾಯಿತು. ಐದನೆಯ ವರ್ಷ ಕಟ್ಟಿಗೆ. ಅವನು ನಾಲ್ಕು ಲಟ್ಟಣಿಗೆ ತಂದಿದ್ದ. ಹತ್ತನೆಯದಕ್ಕೆ ತಗಡು, ಆ ವರ್ಷ ಚಿಮಣಿ ಎಣ್ಣೆಯ ಡಬ್ಬಿ ತಂದದ್ದು ನೆನಪಾಯಿತು. ಇನ್ನು ಹದಿನೈದು. ಬರುವ ಮೇ ಹನ್ನೆರಡಕ್ಕೆ ಹದಿನೈದು ತುಂಬುತ್ತಿತ್ತು. ಎಡಗಡೆ ಗಾಜು. ಬಲಗಡೆ ಕೈಗಡಿಯಾರ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಂಡತಿಯನ್ನು, ಏಣಿಯ ಅರ್ಧಕ್ಕೆ ನಿಂತು, ನಿನಗೇನು ಬೇಕು ಎಂದು ಅವನು ಕೇಳಿದ. ಹದಿನೈದು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ಕಸ್ತೂರಿಬಾಯಿ ಮೆಣಸಿನಕಾಯಿ ಹರವುವುದನ್ನು ನಿಲ್ಲಿಸಲಿಲ್ಲ.

"ನಂಗೇನೂ ಬ್ಯಾಡ್ರಿ. ತರೂದ ಇದ್ರ ಒಂದ ತರ್ರಿ."

ಅಷ್ಟೇ ಹೇಳಿದಳು. ದೌಲತರಾಯ ಏಣಿ ಇಳಿಯುವಷ್ಟರಲ್ಲಿ ನಿಶ್ಚಯ ಮಾಡಿಬಿಟ್ಟಿದ್ದ. ಗಡಿಯಾರ. ಒಂದು.

ಆದರೂ ನಿಶ್ಚಯವೆಂಬುದು ಏಣಿಯ ಮೇಲೆ ಇರುವಷ್ಟು ಗಟ್ಟಿಯಾಗಿ ಪಡಸಾಲೆಯಲ್ಲಿ ಇರುವುದಿಲ್ಲ. ಗಾಳಿ ಯಾವ ಕಡೆಯದೆಂದು ನೋಡಲು ಅವನು ಒಂದು ಸಂಜೆ ಡೈರಿ ಹಿಡಿದುಕೊಂಡು, ಏನೋ ಮೋಜಿನ ಸುದ್ದಿಯೆಂಬಂತೆ ಯಾದಿಯನ್ನು ತಾಯಿಗೆ ಓದಿ ಹೇಳಿದ. ಸಾಂಪ್ರದಾಯಿಕ ಎಂಬಲ್ಲಿ ಗಂಗಾಬಾಯಿ ತಡೆದಳು. ಯಾರ ಸಂಪ್ರದಾಯ? ವಿಲಾಯತಿಯವರದು ಎಂದ. ಅವರು ಹೆಂಡಂದಿರನ್ನು ವರ್ಷಕ್ಕೊಮ್ಮೆ ಬಿಡುವವರು, ಅದಕ್ಕೇ ಇದ್ದಷ್ಟು ವರ್ಷ ಎಣಿಸುತ್ತಾರೆ ಎಂದಳು. ಅಷ್ಟರಲ್ಲಿ ಒಳಗಿನಿಂದ ಸೊಸೆಯರು ಬಂದು ಬಾಗಿಲಿಗೆ ಆತುಕೊಂಡರು. ನಮ್ಮ ವರ್ಷಕ್ಕೆ ಏನಿದೆ ಓದಿ ಎಂದರು. ಎರಡನೆಯವಳಿಗೆ ಹತ್ತೊಂಬತ್ತು, ಕಂಚು ಬಂತು. ಕಿರಿಯವಳಿಗೆ ನಾಲ್ಕು, ಸಂಪ್ರದಾಯಕ್ಕೆ ಹಣ್ಣು, ಆಧುನಿಕಕ್ಕೆ ಕರೆಂಟಿನ ಯಂತ್ರ. ಆಕೆಗೆ ಮಿಕ್ಸರ್ ಎಂಬ ಪದ ಆಗಲೇ ಬಾಯಿಪಾಠವಾಗಿತ್ತು. ಸುಭದ್ರಾಬಾಯಿಗೆ ಇಪ್ಪತ್ತನಾಲ್ಕು, ಆಧುನಿಕದಲ್ಲಿ ಸಂಗೀತದ ವಾದ್ಯ ಎಂದಿತ್ತು.

"ನಾಕು ಬಾಯಿ ಮೊದಲ ಅದಾವ," ಎಂದಳು ಗಂಗಾಬಾಯಿ. "ಮತ್ತ ವಾದ್ಯ ಯಾಕ?"

ಹದಿನೈದಕ್ಕೆ ಏನು ಎಂದು ಕಡೆಗೆ ಆಕೆಯೇ ಕೇಳಿದಳು. ದೌಲತರಾಯ ಗಾಜು ಎಂದ. ಬಲಗಡೆಯದನ್ನು ಓದದೆ ಡೈರಿ ಮಡಚಿದ. ಗಾಜೆಂದರೆ ಸಮಸ್ಯೆಯೇ ಇಲ್ಲ ಎಂದಳು ತಾಯಿ. ಆಳಂದದಿಂದ ಬಳೆಗಾರ ಲಾಡ್ಲೆಸಾಬ ಹೇಗೂ ಬರುವವನಿದ್ದಾನೆ, ನಾಲ್ವರಿಗೂ ಒಂದೇ ಸಲ ಇಡಿಸಿದರಾಯಿತು.

ದೌಲತರಾಯನಿಗೆ ಅರ್ಥವಾಯಿತು. ಮುಂಬಾಗಿಲಿನಿಂದ ಒಂದು ಗಡಿಯಾರ ಒಳಗೆ ಬಂದರೆ ಅದರ ಹಿಂದೆ ಒಂದು ಕಂಚಿನ ಪಾತ್ರೆ, ಒಂದು ಮಿಕ್ಸರ್, ಒಂದು ಹಾರ್ಮೋನಿಯಂ ಸಾಲುಗಟ್ಟಿ ಬರಬೇಕು. ಉಳಿದದ್ದು ಆ ಒಂದೇ ಕಿಂಡಿ, ತವರು.

ಕಸ್ತೂರಿಬಾಯಿಯ ತವರು ಜೇವರ್ಗಿ. ಅಲ್ಲಿ ಆಕೆಯ ತಮ್ಮ ಬಸವಂತರಾಯ ಕಿರಾಣಿ ಅಂಗಡಿ ಇಟ್ಟಿದ್ದ. ಪೇಡೆ ಕೊಟ್ಟರೆ ಅರ್ಧ ಮುರಿದು ಕೊಡುವ ಕೈ. ದುಡ್ಡು ಕೂಡಿಸಲು ದೌಲತರಾಯ ಮೂರು ತಿಂಗಳು ಪಾನ್ ತಿನ್ನುವುದನ್ನು ಬಿಟ್ಟ. ಒಂದು ಮಧ್ಯಾಹ್ನ ಹೆಂಡತಿ ಕಣ್ಣುಮುಚ್ಚಿ ಒರಗಿದ್ದಾಗ ಆಕೆಯ ಮುಂಗೈಗೆ ದಾರ ಸುತ್ತಿ ಅಳತೆ ತೆಗೆದುಕೊಂಡ. ಗುಲಬರ್ಗಾಕ್ಕೆ ಹೋಗಿ ಹೆಂಗಸರ ಕೈಗಡಿಯಾರ ಕೊಂಡ. ಬಂಗಾರದ ಬಣ್ಣದ ಸಣ್ಣ ಮುಖ, ಕಪ್ಪು ಚರ್ಮದ ಪಟ್ಟಿ. ಪಟ್ಟಿ ದಾರಕ್ಕಿಂತ ಉದ್ದವಿತ್ತು. ಬಸ್ ನಿಲ್ದಾಣದ ಎದುರಿಗಿದ್ದ ಚಪ್ಪಲಿ ಹೊಲಿಯುವ ಧರ್ಮಣ್ಣನ ಮುಂದೆ ಕೂತು, ಪಟ್ಟಿಯನ್ನು ಕಡಿಸಿ, ದಾರದ ಅಳತೆಗೆ ಸರಿಯಾಗಿ ಒಂದೇ ಒಂದು ಹೊಸ ತೂತು ಹಾಕಿಸಿದ. ಅಲ್ಲಿಂದ ಜೇವರ್ಗಿಗೆ ಹೋಗಿ, ಬಸವಂತರಾಯನಿಗೆ ಎಲ್ಲ ತಿಳಿಸಿ ಹೇಳಿ, ಡಬ್ಬಿ ಅವನ ಕೈಗಿಟ್ಟ. ಬಸವಂತರಾಯ ಕೇಳಿದ್ದು ಒಂದೇ ಪ್ರಶ್ನೆ: ತನ್ನ ಗಂಟಿನಿಂದ ಏನೂ ಹೋಗುವುದಿಲ್ಲವಲ್ಲ?

ಮೇ ತಿಂಗಳ ನಾಲ್ಕಕ್ಕೆ ಬಸವಂತರಾಯ ಬುತ್ತಿ ಹೊತ್ತು ಅಫಜಲಪುರಕ್ಕೆ ಬಂದ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಹೋಳಿಗೆಯ ಅಡಿಯಿಂದ ಡಬ್ಬಿ ಹೊರಬಂತು. ಅದನ್ನು ಅಕ್ಕನ ಕೈಗೆ ಕೊಟ್ಟು ಸುಮ್ಮನೆ ಕೂತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಂದೂ ಏನೂ ಕೊಟ್ಟಿರದ ಮನುಷ್ಯನಿಗೆ ಕೊಡುವ ರುಚಿ ಹತ್ತಿಬಿಟ್ಟಿತು. ಮೂರು ಅಂಗಡಿ ತಿರುಗಿದೆ ಎಂದ. ಮಾಲೀಕನೊಂದಿಗೆ ಜಗಳಾಡಿದೆ ಎಂದ. ಅಕ್ಕನ ಕೈ ಹದಿನೈದು ವರ್ಷ ಬರಿದಾಗಿತ್ತು, ಅದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ ಎಂದೂ ಎಂದ. ಅವನು ಆಗ ನಾಲ್ಕನೆಯ ಹೋಳಿಗೆ ತಿನ್ನುತ್ತಿದ್ದ.

ಗಂಗಾಬಾಯಿಯ ಕಣ್ಣು ತೇವವಾಯಿತು. "ತಮ್ಮ ಅಂದ್ರ ಹಿಂಗಿರಬೇಕು," ಎಂದು ಮಗನ ಕಡೆ ತಿರುಗಿದಳು. "ಗಂಡ ಅನ್ನಾವ ಹದಿನೈದು ವರ್ಷದಾಗ ಏನು ತಂದಾನ? ಒಂದು ಕ್ಯಾಲೆಂಡರ?"

ದೌಲತರಾಯ ವರ್ಷಕ್ಕೊಂದು ಕ್ಯಾಲೆಂಡರ್ ಸಂಘದಿಂದ ತರುತ್ತಿದ್ದ. ಅದನ್ನು ಹೇಳುವ ಸಮಯ ಇದಾಗಿರಲಿಲ್ಲ.

ಕಸ್ತೂರಿಬಾಯಿ ಡಬ್ಬಿ ತೆರೆದಳು. ಗಡಿಯಾರದ ಮುಖವನ್ನು ನೋಡಲಿಲ್ಲ, ಪಟ್ಟಿಯನ್ನು ನೋಡಿದಳು. ಹೊಸ ತೂತಿನ ಮೇಲೆ ಹೆಬ್ಬೆರಳು ಆಡಿಸಿದಳು. ಡಬ್ಬಿ ಮುಚ್ಚಿ ಪಡಸಾಲೆಯ ಗೂಡಿನಲ್ಲಿಟ್ಟು, ತಮ್ಮನಿಗೆ ಇನ್ನೊಂದು ಹೋಳಿಗೆ ಬಡಿಸಿದಳು.

ಮರುದಿನ ದೌಲತರಾಯ ಏಣಿ ಹತ್ತಿದ. ಯಾಕೆ ಕಟ್ಟಿಕೊಂಡಿಲ್ಲ ಎಂದು ಕೇಳಿದ.

"ಯಾರು ಕೊಟ್ಟದ್ದ್ರಿ ಅದು?"

"ನಿನ್ನ ತಮ್ಮ."

"ನನ್ನ ತಮ್ಮಗ ನನ್ನ ಮುಂಗೈ ಎಷ್ಟದ ಅಂತ ಗೊತ್ತಿಲ್ರಿ." ಮೆಣಸಿನಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು. "ನೀವು ದಾರ ಸುತ್ತಾಕತ್ತಾಗ ನಾ ಮಲಗಿದ್ದಿಲ್ಲ."

ದೌಲತರಾಯ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಒಂದೇ ತರಲು ನೀನೇ ಹೇಳಿದ್ದೆ, ಒಂದೇ ತಂದಿದ್ದೇನೆ ಎಂದ.

"ತಂದೀರಿ. ಹೋಳಿಗಿ ಬುಡದಾಗ ಇಟ್ಟು ತಂದೀರಿ. ನಾ ಕೇಳಿದ್ದು ಗಡಿಯಾರ ಅಲ್ರಿ. ತಂದಾವ 'ನಾ ತಂದೇನಿ' ಅಂತ ಪಡಸಾಲ್ಯಾಗ ಅನ್ಲಿ, ಅವತ್ತ ಕಟ್ಟಿಕೊಳ್ತೇನಿ. ಇಲ್ಲಂದ್ರ ಅಲ್ಲೇ ಇರ್ಲಿ."

ಅಲ್ಲೇ ಇತ್ತು. ಆದರೆ ಸುಮ್ಮನೆ ಇರಲಿಲ್ಲ. ಕಸ್ತೂರಿಬಾಯಿ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮುಂಚೆ, ಗೂಡಿನ ಮುಂದೆ ನಿಂತು, ಡಬ್ಬಿ ತೆರೆದು, ಗಡಿಯಾರಕ್ಕೆ ಚಾವಿ ಕೊಟ್ಟು, ಮತ್ತೆ ಮುಚ್ಚಿಡುತ್ತಿದ್ದಳು. ಕಟ್ಟಿಕೊಳ್ಳಲಿಲ್ಲ, ನಿಲ್ಲಲೂ ಬಿಡಲಿಲ್ಲ. ವೇಳೆ ಬೇಕಾದಾಗ ಮೊದಲಿನಂತೆಯೇ ಬಂದು ಅತ್ತೆಯನ್ನು ಕೇಳುತ್ತಿದ್ದಳು. ಒಳ್ಳೆಯ ದಿನಕ್ಕೆಂದು ಕಾಯುತ್ತಿದ್ದಾಳೆ ಎಂದು ಗಂಗಾಬಾಯಿ ಅರ್ಥ ಹಚ್ಚಿದಳು. ಬಂದವರಿಗೆಲ್ಲ ಡಬ್ಬಿ ತೋರಿಸಿ ಜೇವರ್ಗಿಯ ತಮ್ಮನ ಗುಣಗಾನ ಮಾಡಿದಳು. ಗುಣಗಾನ ಓಣಿ ದಾಟಿತು. ಮಣ್ಣೂರಿನಲ್ಲಿದ್ದ ಸುಭದ್ರಾಬಾಯಿಯ ಅಣ್ಣನ ಕಿವಿಗೂ ಬಿದ್ದು, ಅವನು ತಂಗಿಯ ಮನೆಯ ಕಡೆ ಬರುವುದನ್ನೇ ಮುಂದೂಡಿದ. ಆ ಎಂಟು ದಿನ ದೌಲತರಾಯ ತನ್ನ ಹೊಗಳಿಕೆಯನ್ನು ಬೇರೆಯವನ ಹೆಸರಿನಲ್ಲಿ ಕೇಳುತ್ತ ಊಟ ಮಾಡಿದ. ಪಡಸಾಲೆಯಲ್ಲಿ ದೊಡ್ಡ ಗಡಿಯಾರ ಒಂದು ಕಡೆ, ಗೂಡಿನಲ್ಲಿ ಸಣ್ಣದು ಇನ್ನೊಂದು ಕಡೆ. ಸಣ್ಣದರ ಸದ್ದು ಅವನೊಬ್ಬನಿಗೇ ಹೆಚ್ಚು ಕೇಳುತ್ತಿತ್ತು.

ಮೇ ಹನ್ನೆರಡು, ರವಿವಾರ. ಗಂಗಾಬಾಯಿ ಹೇಳಿಕಳಿಸಿದ್ದರಿಂದ ಬಸವಂತರಾಯ ಊಟಕ್ಕೆ ಬಂದಿದ್ದ. ಈ ಸಲ ಗಾದಿಯ ಮೇಲೆ, ಅಕ್ಕನ ಅತ್ತೆಯ ಪಕ್ಕಕ್ಕೇ ಜಾಗ. ಲಾಡ್ಲೆಸಾಬ ಬಳೆಯ ಗಂಟು ಬಿಚ್ಚಿ ಪಡಸಾಲೆಯ ನಡುವೆ ಕೂತಿದ್ದ. ಲಗ್ನದ ದಿನವೆಂದು ಕಸ್ತೂರಿಬಾಯಿಯ ಕೈ ಮೊದಲು. ಬಲಗೈ ಮುಗಿಸಿ ಎಡಗೈ ಹಿಡಿದ ಲಾಡ್ಲೆಸಾಬನ ಕಣ್ಣು ಗೂಡಿನ ಡಬ್ಬಿಯ ಮೇಲೆ ಹೋಯಿತು. ಅದರ ಖ್ಯಾತಿ ಅವನಿಗೂ ತಲುಪಿತ್ತು.

"ಗಡಿಯಾರ ಕಟ್ಟೂದಿದ್ರ ಈ ಕೈಗೆ ಎರಡು ಬಳಿ ಕಮ್ಮಿ ಇಡಬೇಕ್ರಿ, ಬಾಯಿ. ಇಲ್ಲಂದ್ರ ತಿಕ್ಕಿ ಒಡೀತಾವ. ಹ್ಯಾಂಗ ಮಾಡ್ಲಿ?"

"ತಂದವ್ರನ್ನ ಕೇಳ್ರಿ," ಎಂದಳು ಕಸ್ತೂರಿಬಾಯಿ.

ಎಲ್ಲರೂ ಬಸವಂತರಾಯನ ಕಡೆ ತಿರುಗಿದರು. ಬಸವಂತರಾಯ ಗಂಟಲು ಸರಿಮಾಡಿಕೊಂಡ. ಕಸ್ತೂರಿಬಾಯಿ ಮಾತ್ರ ಕಂಬದ ಹತ್ತಿರ ನಿಂತಿದ್ದ ಗಂಡನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಬೇಡಿಕೊಂಡೂ ಅಲ್ಲ. ದಿನಾ ಅತ್ತೆಯನ್ನು ವೇಳೆ ಕೇಳುವಾಗ ನೋಡುತ್ತಿದ್ದಂತೆಯೇ.

ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ ದೌಲತರಾಯ.

"ಎರಡು ಕಮ್ಮಿ ಇಡು, ಲಾಡ್ಲೆಸಾಬ. ಗಡಿಯಾರ ನಾ ತಂದೇನಿ."

ಬಸವಂತರಾಯನ ಗಂಟಲು ಸರಿಯಾದದ್ದು ವ್ಯರ್ಥವಾಯಿತು. ಗಂಗಾಬಾಯಿ ಮಗನನ್ನು ನೋಡಿದಳು, ಗೂಡು ನೋಡಿದಳು, ಪಕ್ಕದಲ್ಲಿ ಕೂತವನನ್ನು ನೋಡಿದಳು. ಆಮೇಲೆ ಕೇಳಿದಳು.

"ಉಳದ ಮೂರು ಎಲ್ಲಿ?"

"ಉಳದ ಮೂರು ಇಲ್ಲವ್ವಾ." ದೌಲತರಾಯ ಇನ್ನೊಂದು ಹೆಜ್ಜೆ ಮುಂದಿಟ್ಟ. "ಒಂದ ತಂದೇನಿ. ಕಸ್ತೂರಿಗೆ ತಂದೇನಿ."

ತಾಯಿಯ ಮುಂದೆ ಹೆಂಡತಿಯ ಹೆಸರನ್ನು ಅವನು ಹಿಡಿದದ್ದೂ ಅದೇ ಮೊದಲು. ಎರಡನೆಯ ಸೊಸೆ ಸೆರಗು ಬಾಯಿಗೆ ಹಿಡಿದಳು.

ಗಂಗಾಬಾಯಿ ಸೊಂಟದ ಚಾವಿಯನ್ನು ಸರಿಪಡಿಸಿಕೊಂಡಳು. ಕಡೆಗೆ, ಕಾಯಿದೆ ಕಾಯಿದೆಯೇ ಎಂದಳು. ತವರಿನದಲ್ಲ ಎಂದಮೇಲೆ ಮನೆಯದು. ಮನೆಯದು ಎಂದಮೇಲೆ ಸಾಲಿನ ಪ್ರಕಾರ ಆರಿಸುವುದು. ಹಿರಿಯವಳು ಮೊದಲು ಕಟ್ಟಿ ನೋಡಲಿ. ದೌಲತರಾಯನಿಗೆ ಗಿಣಿಹಸಿರು ಕಣ್ಣಿಗೆ ಕಟ್ಟಿತು. ಬೇಡ ಎನ್ನಲು ಬಾಯಿ ತೆರೆದ. ಕಸ್ತೂರಿಬಾಯಿ ತಲೆ ಅಲ್ಲಾಡಿಸಿದಳು, ಸುಮ್ಮನಿರ್ರಿ ಎಂಬಂತೆ.

ಸುಭದ್ರಾಬಾಯಿ ಗೂಡಿನಿಂದ ಗಡಿಯಾರ ತೆಗೆದಳು. ಮುಂಗೈ ಬಿಟ್ಟು, ಒಂದು ಗೇಣು ಮೇಲೆ, ತೋಳಿನ ದಪ್ಪ ಭಾಗಕ್ಕೆ ಪಟ್ಟಿ ಸುತ್ತಿ ಎಳೆದಳು. ಧರ್ಮಣ್ಣ ಕಡಿದಿದ್ದ ಪಟ್ಟಿ ಅರ್ಧಕ್ಕೇ ನಿಂತಿತು.

"ಬರಂಗಿಲ್ರಿ, ಅತ್ತಿ," ಎಂದಳು.

ಗಡಿಯಾರವನ್ನು ಯಾರೂ ತೋಳಿಗೆ ಕಟ್ಟುವುದಿಲ್ಲವೆಂಬುದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಎರಡನೆಯ ಸೊಸೆ ಮುಂಗೈಗೇ ಕಟ್ಟಿ ನೋಡಿದಳು. ಆಕೆಯದು ದಪ್ಪ ಕೈ, ಪ್ರಾಮಾಣಿಕವಾಗಿಯೇ ಬರಲಿಲ್ಲ. ಮೂರನೆಯ ಸರದಿ ಕಸ್ತೂರಿಬಾಯಿಯದು. ತೂತಿಗೆ ಮುಳ್ಳು ಸರಿಯಾಗಿ ಕೂತಿತು. ಕಿರಿಯವಳಿಗೆ ಸರದಿ ಬರಲೇ ಇಲ್ಲ. ಆಕೆಯ ಮನಸ್ಸು ಹೇಗೂ ಮಿಕ್ಸರಿನ ಮೇಲಿತ್ತು.

ಕಾಯಿದೆ ಪಾಲನೆಯಾಯಿತು. ಉಳಿದದ್ದು ಹೊಗಳಿಕೆಯ ಪ್ರಶ್ನೆ. ಗಂಗಾಬಾಯಿ ಬಸವಂತರಾಯನ ಕಡೆ ಹೊರಳಿದಳು. ಅವನು ಗಾದಿಯ ಅಂಚಿಗೆ ಸರಿದಿದ್ದ.

"ಎಂಟು ದಿನ ನಿನ್ನ ಹೊಗಳೇನಿ, ತಮ್ಮಾ. ಹೊಗಳಿದ್ದು ತಿರುಗಿ ತಗೊಳಾಕ ಬರಂಗಿಲ್ಲ. ಅದನ್ನ ನೀ ಇಟ್ಕೊ. ಅದಕ್ಕ ತಕ್ಕಂಗ ಉಳದ ಮೂರು ನೀ ತರೂದು."

"ಮೂರು ಗಡಿಯಾರ್ರಿ?" ಎಂದ ಬಸವಂತರಾಯ. ಅವನ ಧ್ವನಿ ಹೋಳಿಗೆ ತಿಂದ ಧ್ವನಿಯಾಗಿರಲಿಲ್ಲ.

ಗಂಗಾಬಾಯಿ ಮಗನಿಗೆ ಡೈರಿ ತರಲು ಹೇಳಿದಳು. ಹದಿನೈದಕ್ಕೆ ಎಡಗಡೆ ಏನಿದೆ ಓದು ಎಂದಳು. ಗಾಜು ಎಂದು ಓದಿದ. ಬಲಗಡೆ ಏನಿದೆ ಎಂದಳು. ಈ ಸಲ ಅದನ್ನೂ ಬಿಡಲಿಲ್ಲ. ಕೈಗಡಿಯಾರ ಎಂದು ಓದಿದ. ಅವತ್ತೇ ಯಾಕೆ ಇದನ್ನು ಓದಲಿಲ್ಲ ಎಂದು ಆಕೆ ಕೇಳಲಿಲ್ಲ. ಲಾಡ್ಲೆಸಾಬನ ಕಡೆ ತಿರುಗಿ, ಮೂವರಿಗೂ ಕೈತುಂಬ ಇಡಬೇಕು, ಹೊಸ ನಮೂನೆಯವು ಇದ್ದರೆ ಅವನ್ನೇ ಇಡಬೇಕು, ಜೇವರ್ಗಿಯವರ ಕಡೆಯಿಂದ ಎಂದಳು. ಬಸವಂತರಾಯ ಅಂಗಿಯ ಒಳಜೇಬಿಗೆ ಕೈಹಾಕಿದ. ಆ ಕೈ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ಕಸ್ತೂರಿಬಾಯಿಯ ಎಡಗೈಗೆ ಎರಡು ಬಳೆ ಕಡಿಮೆ ಬಿದ್ದವು. ಕೈಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಆದರೂ ಅಡುಗೆಮನೆಯವರು ವೇಳೆ ಕೇಳಲು ಪಡಸಾಲೆಗೆ ಬರುವುದನ್ನು ಬಿಟ್ಟರು.